ಖೋಟಾ ವಿಗ್ರಹ, ಖೋಟಾ ಕಾಗದ: ನಮ್ಮ ಬಸದಿಗಳಿಗೆ ಇದರಿಂದೇನು?

ಕುದ್ರೋಳಿ (ಮಂಗಳೂರು): ಕಲಾಕೃತಿಗಳ ನಕಲಿ ದಂಧೆ ಎಂದರೆ ದೆಹಲಿ, ಮುಂಬಯಿಯ ಸಿರಿವಂತರ ತಲೆನೋವು ಎಂದೇ ನಮ್ಮಲ್ಲಿ ಅನೇಕರ ಭಾವನೆ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಮೂಡುಬಿದಿರೆಯ ಗುರುಬಸದಿಯಲ್ಲಿ 2013ರ ಜುಲೈಯಲ್ಲಿ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೇ ಬೆಚ್ಚಿಬಿದ್ದಿತ್ತು. ಬೀಗ, ಕಾವಲು, ಕ್ಯಾಮೆರಾಗಳ ಬಗ್ಗೆ ಬೇಕಾದಷ್ಟು ಮಾತಾಯಿತು. ಕದ್ದ ವಿಗ್ರಹಗಳನ್ನು ಕೊಳ್ಳುವ ಪೇಟೆ ಹೇಗೆ ನಡೆಯುತ್ತದೆ ಎಂಬ ಮಾತು ಅಷ್ಟಾಗಿ ಬರಲಿಲ್ಲ. ಆ ಪೇಟೆಯನ್ನು ನಡೆಸುವುದರಲ್ಲಿ ನಕಲಿಯ ಪಾಲು ದೊಡ್ಡದು.

ಮೊದಲು ಚಿತ್ರಕಲೆಯನ್ನೇ ನೋಡಿ. 2009ರಲ್ಲಿ ದೆಹಲಿಯಲ್ಲಿ ತಮ್ಮದೇ ಪ್ರದರ್ಶನಕ್ಕೆ ಬಂದ ಎಸ್.ಎಚ್. ರಜಾ, ಗೋಡೆಯ ಮೇಲಿದ್ದ ಹಲವು ಚಿತ್ರಗಳು ತಮ್ಮವಲ್ಲ ಎಂದರು. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ಟಾಗೋರರ ಹೆಸರಿನಲ್ಲಿ ತೂಗುಹಾಕಿದ್ದ 20 ಚಿತ್ರಗಳು ನಕಲಿ ಎಂದು ತಜ್ಞರು ತೀರ್ಮಾನಿಸಿದರು. ಇಂಥ ಸುದ್ದಿಯ ನಂತರ ಕೊಳ್ಳುವವರಿಗೆ ಅಸಲಿಯ ಮೇಲೂ ಅನುಮಾನ. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹೇಳುವ ಕಾಗದ ಇದ್ದರೆ ಮಾತ್ರ ಬೆಲೆ. ಹೀಗೆ ಕಾಗದಕ್ಕೆ ಬೆಲೆ ಬಂದ ಮೇಲೆ ಕಾಗದವನ್ನೇ ಖೋಟಾ ಮಾಡುವವರು ಹುಟ್ಟಿಕೊಂಡರು.

ವಿಗ್ರಹಗಳ ವಿಷಯದಲ್ಲಿ ಇದು ಇನ್ನೂ ಅಪಾಯಕಾರಿ, ಏಕೆಂದರೆ ಇಲ್ಲಿ ವಿಗ್ರಹ ಅಸಲಿ, ಕಾಗದ ಮಾತ್ರ ಸುಳ್ಳು. ತಮಿಳುನಾಡಿನ ಶ್ರೀಪುರಂತಾನ್ ದೇವಾಲಯದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ವಿಗ್ರಹ 1970ರ ದಶಕದ ಆರಂಭಕ್ಕೂ ಮೊದಲೇ ಭಾರತ ಬಿಟ್ಟಿತ್ತು ಎನ್ನುವಂತೆ ವ್ಯಾಪಾರಿ ಸುಭಾಷ್ ಕಪೂರ್ ದಾಖಲೆ ಒದಗಿಸಿದ್ದ. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ಅದೇ ವಿಗ್ರಹದ ಫೋಟೊವನ್ನು ದೇವಾಲಯದಲ್ಲೇ ತೆಗೆದಿದ್ದರು! ಆ ಒಂದು ಫೋಟೊದ ಮುಂದೆ ಎಲ್ಲ ಕಾಗದಗಳೂ ಸುಳ್ಳಾದವು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. 2022ರಲ್ಲಿ ಆಸ್ಟ್ರೇಲಿಯ ಮರಳಿಸಿದ 29 ಪ್ರಾಚ್ಯವಸ್ತುಗಳಲ್ಲಿ ಜೈನ ಪರಂಪರೆಯವೂ ಇದ್ದವು.

ಕಳ್ಳಸಾಗಣೆಯ ಇನ್ನೊಂದು ದಾರಿ ಇದಕ್ಕೆ ತಿರುಗುಮುರುಗು. ಪ್ರಾಚೀನ ಬಿಂಬವನ್ನೇ ಹೊಸ ಕರಕುಶಲ ವಸ್ತು ಎಂದು ಬರೆಸಿ ಹಡಗಿಗೆ ಏರಿಸುತ್ತಾರೆ. ಹಳೆಯದರಂತೆ ಕಾಣುವ ಹೊಸ ವಿಗ್ರಹಗಳು ಪೇಟೆಯಲ್ಲಿ ತುಂಬಿರುವುದೇ ಇವರಿಗೆ ಅನುಕೂಲ. (ಕಾರ್ಕಳದ ಶಿಲ್ಪಿ ಹೊಸದೆಂದು ಹೇಳಿಯೇ ಕೆತ್ತಿ ಕೊಡುವ ಬಿಂಬವನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಅದು ನಕಲಿಯಲ್ಲ.)

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹವೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೂ ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಕಾಯ್ದೆ ಗಟ್ಟಿಯಾಗಿಯೇ ಇದೆ. ಆದರೆ ಎಲ್ಲೋ ಸಿಕ್ಕಿದ ಪಾರ್ಶ್ವನಾಥ ಬಿಂಬ ನಮ್ಮೂರಿನದೇ ಎಂದು ತೋರಿಸಲು ಹಳ್ಳಿಯ ಬಸದಿಯವರ ಬಳಿ ಏನಿದೆ? ಎಷ್ಟೋ ಕಡೆ ಇರುವುದು ಹೂವಿನ ಅಲಂಕಾರದ ನಡುವೆ ತೆಗೆದ ಮೊಬೈಲ್ ಫೋಟೊ ಮಾತ್ರ. ಅದರಲ್ಲಿ ಲಾಂಛನವೂ ಕಾಣದು, ಪೀಠವೂ ಕಾಣದು.

ಬಿಂಬವನ್ನು ಮಾಡಿಸಿಕೊಟ್ಟವರ ಹೆಸರು ಬೆನ್ನಿನಲ್ಲೋ ಪೀಠದಲ್ಲೋ ಇದ್ದರೆ ಅದರ ಚಿತ್ರ ಮೊದಲು ಬೇಕು. ಅಲಂಕಾರವಿಲ್ಲದೆ ನಾಲ್ಕೂ ಬದಿಯ ಚಿತ್ರ, ಎತ್ತರ, ತೂಕ, ಸವೆದ ಅಥವಾ ಮುಕ್ಕಾದ ಜಾಗದ ಗುರುತು, ತೆಗೆದ ದಿನಾಂಕ ಇವಿಷ್ಟೂ ಇರಲಿ. ಒಂದು ಪ್ರತಿ ಬಸದಿಯಲ್ಲಿ, ಇನ್ನೊಂದು ಹೊರಗೆ ಬೇರೊಬ್ಬರ ಬಳಿ. ಅಭಿಷೇಕದ ದಿನ ಅಲಂಕಾರಕ್ಕೆ ಮೊದಲು, ಪುರೋಹಿತರ ಒಪ್ಪಿಗೆ ಪಡೆದು, ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಕೆಲಸ.