ಮರದ ಲೆಕ್ಕ ಕೇಳುವವರು ಹೊಗೆಯ ಲೆಕ್ಕ ಕೊಡಲಿ



ನಮ್ಮ ಕಾಫಿ ಯುರೋಪಿಗೆ ಹೋಗಬೇಕಾದರೆ, ಅದು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋಟದ ಜಿಪಿಎಸ್ ಗುರುತಿನ ಸಮೇತ ತೋರಿಸಬೇಕಂತೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ಇದು. ಜಾರಿ ಮಾತ್ರ ಎರಡು ಸಲ ಮುಂದಕ್ಕೆ ಹೋಗಿದೆ. ಕಾಡು ಉಳಿಯಲಿ, ತಕರಾರಿಲ್ಲ. ಅತ್ತಿ, ಬಸರಿ, ಹಲಸಿನ ನೆರಳಲ್ಲೇ ಕಾಫಿ ಬೆಳೆಯುವವರು ನಾವು. (ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟವರೂ ನಮ್ಮಲ್ಲಿದ್ದಾರೆ, ಮುಚ್ಚಿಡುವುದೇಕೆ?)

ಆದರೆ ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರ ಲೆಕ್ಕ ಕೇಳುವವರು ಯಾರು? ಆ ಹೊಗೆಯಿಂದ ಹವಾಮಾನ ಕೆಟ್ಟ ಪೆಟ್ಟು ಬೀಳುವುದು ನಮಗೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ, ತೋಟ ಮಣ್ಣುಪಾಲಾದವು. ಕಳಸದ ನಮ್ಮ ಕಡೆ ಹೂಮಳೆ ಹೊತ್ತಿಗೆ ಬರುವುದಿಲ್ಲ. ಹಣ್ಣು ಕಣದಲ್ಲಿ ಒಣಗುವಾಗ ಮಳೆ ಕರೆಯದೆ ಬರುತ್ತದೆ.

ಹವಾಮಾನ ಬದಲಾವಣೆ ಎದುರಿಸಲು 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ! 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಎಂದರು. ಭಾರತ ಅಲ್ಲೇ ಆಕ್ಷೇಪಿಸಿತು. ಕೈಲಾಗದವರಲ್ಲ ಅವರು, ಮನಸ್ಸಿಲ್ಲದವರು.

ತೋಟ ಅಳೆದು ದಾಖಲೆ ಮಾಡುವ ಖರ್ಚನ್ನಾದರೂ ಕೊಳ್ಳುವವರೇ ಹೊರಬೇಕೆಂದು ಕಾಫಿ ಮಂಡಳಿಯೂ ಕೇಂದ್ರ ಸರ್ಕಾರವೂ ಪಟ್ಟು ಹಿಡಿಯಲಿ.

– ಸಣ್ಣ ಬೆಳೆಗಾರ, ಕಳಸ