ವಾಟ್ ಲೆಕ್ಕ ಬಿಡಿ, ವೀಣೆ ಹಾಕಿ ಕೇಳಿ

ಹಬ್ಬದ ಆಫರ್ ಶುರುವಾಯಿತೆಂದರೆ ಟಿವಿ ಅಂಗಡಿಗಳಲ್ಲಿ ಸೌಂಡ್‌ಬಾರ್‌ಗಳ ಸಾಲು ನಿಲ್ಲುತ್ತದೆ. ಡಬ್ಬದ ಮೇಲೆ 300 ವಾಟ್, 500 ವಾಟ್ ಎಂಬ ಅಂಕಿ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಎಸ್‌.ಪಿ. ರಸ್ತೆಯಲ್ಲಿ ವೂಫರ್, ಟ್ವೀಟರ್, ಆಂಪ್ಲಿಫೈಯರ್ ಬೋರ್ಡ್ ಕೊಂಡು, ಗೊತ್ತಿರುವ ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಜೋಡಿ ಸ್ಪೀಕರ್ ಕಟ್ಟಿಕೊಳ್ಳುವವರು ಬೆಂಗಳೂರಿನಲ್ಲಿ ಇವತ್ತಿಗೂ ಇದ್ದಾರೆ. ಮನೆಯಲ್ಲಿ ಹಾಡು ಕೇಳುವುದೇ ಮುಖ್ಯ ಎನ್ನುವವರಿಗೆ ಅವರ ದಾರಿಯೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗೆಳೆಯರೊಬ್ಬರ ಮನೆಯಲ್ಲಿ ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಕೇಳಿದೆವು. ಮೊದಲು ಎರಡರ ವಾಲ್ಯೂಮನ್ನೂ ಸರಿಸಮ ಮಾಡಿಕೊಂಡೆವು. ಯಾವುದು ತುಸು ಜೋರಾಗಿದೆಯೋ ಅದೇ ಚೆಂದ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಅಂಗಡಿಯ ಡೆಮೊಗಳಲ್ಲಿ ಗಿರಾಕಿ ಎಡವುವುದು ಇಲ್ಲೇ. ಆಮೇಲೆ ಹಾಕಿದ್ದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೇಲಿನ ತಂತಿಗಳಲ್ಲಿ ಸೌಂಡ್‌ಬಾರ್ ಏನೂ ಕಡಿಮೆಯಿರಲಿಲ್ಲ, ಮೀಟು ಬಲು ಸ್ಪಷ್ಟ. ಅನುಮಂದ್ರಕ್ಕೆ ಇಳಿದಾಗ ಸ್ವರ ಯಾವುದೆಂದು ಗೊತ್ತಾಗುತ್ತಿತ್ತು, ಆದರೆ ಅದರ ಹಿಂದಿರುವ ಕೊಡದ ಗುಂಗು ಇರಲಿಲ್ಲ. ಮರದ ಪೆಟ್ಟಿಗೆಯಲ್ಲಿ ಆ ಗುಂಗು ಬಂತು, ತಂತಿ ಅದುರಿ ನಿಧಾನಕ್ಕೆ ಕರಗುವವರೆಗೂ ಉಳಿಯಿತು.

ಕಾರಣ ಸರಳ. ಅನುಮಂದ್ರ ತಂತಿಯ ಮೂಲ ಕಂಪನ 100 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಅಷ್ಟು ಕೆಳಗಿನ ಸದ್ದು ಹೊರಡಬೇಕಾದರೆ ಸ್ಪೀಕರ್ ತುಂಬಾ ಗಾಳಿಯನ್ನು ತಳ್ಳಬೇಕು. ಕಂಪನ ಅರ್ಧಕ್ಕಿಳಿದರೆ ಅದೇ ಜೋರಿಗೆ ಕೋನ್ ನಾಲ್ಕು ಪಟ್ಟು ದೂರ ಹಿಂದೆಮುಂದೆ ಆಡಬೇಕಾಗುತ್ತದೆ. ಸೌಂಡ್‌ಬಾರಿನ ಒಳಗಿರುವುದು ಹೆಚ್ಚಾಗಿ ಎರಡು ಇಂಚಿನ ಆಸುಪಾಸಿನ ಕೋನ್. ಆರು ಇಂಚಿನ ವೂಫರಿನ ವಿಸ್ತೀರ್ಣ ಅದರ 9 ಪಟ್ಟು. ಮೂಲ ಕಂಪನ ಬಾರದಿದ್ದರೂ ಮೇಲಿನ ಉಪಸ್ವರಗಳನ್ನು ಹಿಡಿದು ಮಿದುಳು ಸ್ವರವನ್ನು ಊಹಿಸಿಕೊಳ್ಳುತ್ತದೆ. ಅದಕ್ಕೇ ನಮಗೆ ರಾಗ ತಪ್ಪುವುದಿಲ್ಲ, ತೂಕ ಮಾತ್ರ ಸಿಗುವುದಿಲ್ಲ.

ಜೊತೆಗೆ ಸಬ್‌ವೂಫರ್ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ನಿಜ. ಆದರೆ ಬಾರಿನ ಕೋನ್ ಚಿಕ್ಕದಾದಷ್ಟೂ ಹೆಚ್ಚು ಭಾಗವನ್ನು ಮೂಲೆಯ ಸಬ್‌ವೂಫರಿಗೆ ಬಿಟ್ಟುಕೊಡಬೇಕು. ಗಂಡಸಿನ ಮಾತಿನ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್. ಹೀಗೆ ಒಂದೇ ಕಂಠದ ಎದೆಯ ಭಾಗ ಮೂಲೆಯಿಂದ, ಬಾಯಿಯ ಭಾಗ ಟಿವಿ ಕೆಳಗಿನಿಂದ ಬಂದರೆ ಹಾಡುಗಾರ ಎದುರಿಗೆ ನಿಲ್ಲುವುದಾದರೂ ಹೇಗೆ? ಎರಡು ಸ್ಪೀಕರನ್ನು ಆರೇಳು ಅಡಿ ಅಂತರದಲ್ಲಿಟ್ಟು, ಅಷ್ಟೇ ದೂರದಲ್ಲಿ ಕೂತು ಕೇಳಿ ನೋಡಿ. ಹಾಡು ನಡುವಿನಿಂದ ಬರುತ್ತದೆ, ಪಿಟೀಲು ಒಂದು ಪಕ್ಕಕ್ಕೆ, ಮೃದಂಗ ಇನ್ನೊಂದು ಪಕ್ಕಕ್ಕೆ ಸರಿದು ಕೂರುತ್ತವೆ.

ಮಾತಿಗೆ ಮಾತ್ರ ಸೌಂಡ್‌ಬಾರ್ ಒಳ್ಳೆಯದು. ಈಗಿನ ತೆಳ್ಳನೆಯ ಟಿವಿಗಳ ಸ್ಪೀಕರ್ ನೆಲಕ್ಕೋ ಗೋಡೆಗೋ ಮುಖ ಮಾಡಿರುವುದರಿಂದ ವಯಸ್ಸಾದವರಿಗೆ ವಾರ್ತೆಯೂ ಅರ್ಥವಾಗುವುದಿಲ್ಲ. ಅಂಥ ಮನೆಗೆ ಸಾಧಾರಣ ಬಾರ್ ಸಾಕು, ಒಂದೇ ಕೇಬಲ್, ತಲೆನೋವಿಲ್ಲ. ಡಾಲ್ಬಿ ಅಟ್ಮಾಸ್‌ಗೆಂದು ಹೆಚ್ಚು ಹಣ ಸುರಿಯುವ ಮುನ್ನ ಮಾತ್ರ ತಲೆಯೆತ್ತಿ ಸೂರು ನೋಡಿ. ಅಂಥ ಎಷ್ಟೋ ಬಾರ್‌ಗಳು ಸದ್ದನ್ನು ಮೇಲಕ್ಕೆ ಚಿಮ್ಮಿಸುತ್ತವೆ, ಅದು ಸಮತಟ್ಟು ಛಾವಣಿಗೆ ಬಡಿದು ನಮ್ಮತ್ತ ಬರಬೇಕು. ಮಲೆನಾಡು, ಕರಾವಳಿಯ ಇಳಿಜಾರು ಹೆಂಚಿನ ಮನೆಯಲ್ಲಿ ಅದು ಬೇರೆಲ್ಲಿಗೋ ಹೋಗುತ್ತದೆ.

ಕೈಯಾರೆ ಮಾಡಿದ್ದೆಲ್ಲ ಚೆನ್ನಾಗಿರುತ್ತದೆಂದೂ ಅಲ್ಲ. ಕೈಗೆ ಸಿಕ್ಕ ಪೆಟ್ಟಿಗೆಗೆ ಸಿಕ್ಕ ವೂಫರ್ ಜಡಿದು, ಟ್ವೀಟರಿಗೆ ಒಂದು ಕೆಪ್ಯಾಸಿಟರ್ ಕಟ್ಟಿದರೆ ಡಬಡಬ ಸದ್ದೇ ಗತಿ. ಪ್ರತಿ ವೂಫರಿಗೂ ಇಷ್ಟು ಲೀಟರ್ ಪೆಟ್ಟಿಗೆ ಎಂಬ ಲೆಕ್ಕವಿದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ಬೆನ್ನಿಗೇ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಸೂತ್ರಕ್ಕಿಳಿಸಿದರು. ಆ ಅಂಕಿಗಳ ಹಾಳೆಯಿಲ್ಲದ ವೂಫರನ್ನು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. 18 ಮಿಲಿಮೀಟರ್ ಪ್ಲೈವುಡ್ ಹಾಕಿಸಿ, ಒಳಗೆ ಅಡ್ಡಪಟ್ಟಿ ಕೊಡಿಸಿ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿಗೆ ಜಿಪುಣತನ ಮಾಡಬೇಡಿ.

ಇನ್ನು ರಿಪೇರಿ. ಕೋನ್ ಹರಿದರೆ ನಾಲ್ಕು ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದು, ಬೋರ್ಡ್ ಸುಟ್ಟರೆ ಬೋರ್ಡ್ ಬದಲಿಸಬಹುದು. ಸೌಂಡ್‌ಬಾರಿನ ಬೋರ್ಡ್ ಹೋದರೆ ಬಹಳಷ್ಟು ಸಲ ಇಡೀ ಬಾರ್ ಗುಜರಿಗೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಕೇಳುವ ಹಕ್ಕು ಗಿರಾಕಿಗಿದೆ. ಕೊನೆಗೆ ಡಬ್ಬದ ಮೇಲಿನ ವಾಟ್ ಲೆಕ್ಕ. ಪಿಎಂಪಿಒ ಎಂಬ ವಾಟ್ ಅಂಕಿಗೆ ಒಪ್ಪಿತ ಮಾನದಂಡವೇ ಇಲ್ಲ; ಆರ್‌ಎಂಎಸ್ ವಾಟ್ ಎಷ್ಟು, ಅದನ್ನು ಅಳೆದಾಗ ಡಿಸ್ಟಾರ್ಷನ್ ಎಷ್ಟಿತ್ತು, ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂದು ಕೇಳಿ. ನಿಮ್ಮ ಮೊಬೈಲಿನ ಹಾಡನ್ನೇ ಹಾಕಿಸಿ. ವಾರಂಟಿ ಮುಗಿದ ಮೇಲೆ ಎಷ್ಟು ವರ್ಷ ಬೋರ್ಡ್ ಸಿಗುತ್ತದೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.