ಕರಿಬೇವಿನ ಹುಳಕ್ಕೆ ಔಷಧಿ ಹೊಡೆಯೋ ಮುಂಚೆ ಒಮ್ಮೆ ಎಣಿಸಿ

ಒಂದು ಮಳೆ ಬಿದ್ದು ಚಿಗುರು ಬಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅದೇ ಫೋಟೋ ಬರುತ್ತೆ: ಕರಿಬೇವು ಇಲ್ಲವೇ ನಿಂಬೆ ಎಲೆ ಮೇಲೆ ಹಸಿರು ಹುಳ. ಕೆಳಗೆ ‘ಯಾವ ಔಷಧಿ ಹೊಡೀಲಿ?’ ಅನ್ನೋ ಪ್ರಶ್ನೆ. ಐದು ನಿಮಿಷದಲ್ಲಿ ನಾಲ್ಕು ಬಾಟಲಿ ಹೆಸರು ಬಂದಿರುತ್ತೆ. ಗಿಡಕ್ಕೆ ಎಷ್ಟು ವಯಸ್ಸು, ಹುಳ ಎಷ್ಟಿವೆ ಅಂತ ಯಾರೂ ಕೇಳಲ್ಲ. ನನ್ನ ತಕರಾರು ಇರೋದು ಇಲ್ಲೇ.

ಆ ಹುಳ ಸಾಮಾನ್ಯವಾಗಿ ನಿಂಬೆ ಚಿಟ್ಟೆಯ ಮರಿ. ಕಪ್ಪು ರೆಕ್ಕೆ, ಮೈತುಂಬ ತಿಳಿಹಳದಿ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಗುರುತು. ಕೆರೆಯಂಚಿನ ಒದ್ದೆ ಮಣ್ಣಲ್ಲಿ ಉಪ್ಪಿನಂಶ ಹೀರೋಕೆ ಕೂರೋದೂ ಇದೇ. ತಾಯಿ ಚಿಟ್ಟೆ ನಿಂಬೆ, ಕರಿಬೇವು, ಬಿಲ್ವದಂಥ ಒಂದೇ ಕುಟುಂಬದ ಗಿಡ ಹುಡುಕಿ, ಎಳೆ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತೆ. ಹಾಗಾಗಿ ಶ್ರೀನಿವಾಸಪುರದ ಮಾವಿಗಾಗ್ಲಿ, ಮುಳಬಾಗಿಲಿನ ಟೊಮ್ಯಾಟೊಗಾಗ್ಲಿ ಇದರಿಂದ ಭಯ ಇಲ್ಲ.

ಮರಿ ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆ ಥರ ಕಾಣುತ್ತೆ. ಬಲಿತ ಮೇಲೆ ಹಸಿರು. ಮುಟ್ಟಿದ್ರೆ ತಲೆ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತೆ. ಹೆದರಬೇಡಿ, ಕಚ್ಚಲ್ಲ, ವಿಷವೂ ಇಲ್ಲ.

ನಷ್ಟ ಆಗಲ್ಲ ಅಂತ ನಾನು ಹೇಳ್ತಿಲ್ಲ. ನರ್ಸರಿ ಸಸಿ, ಒಂದೆರಡು ವರ್ಷದ ಗಿಡ ಆದ್ರೆ ನಾಲ್ಕು ಹುಳ ಸೇರಿ ಚಿಗುರನ್ನೆಲ್ಲ ಬೋಳಿಸಿಬಿಡ್ತವೆ. ಬೆಳೆದ ನಿಂಬೆ ಮರ ಮಾತ್ರ ಅಷ್ಟು ಎಲೆಯನ್ನ ಲೆಕ್ಕಕ್ಕೇ ಇಟ್ಕೊಳಲ್ಲ, ಮತ್ತೆ ಚಿಗುರುತ್ತೆ. ಎರಡಕ್ಕೂ ಒಂದೇ ಬಾಟಲಿ ಯಾಕೆ? ಔಷಧಿ ಬಿದ್ದ ಕಡೆ ಈ ಚಿಟ್ಟೆಯ ಮೊಟ್ಟೆ ತಿಂದು ಬೆಳೆಯೋ ಟ್ರೈಕೋಗ್ರಾಮದಂಥ ಸಣ್ಣ ಕಣಜಗಳೂ ಸಾಯ್ತವೆ. ಅದೂ ಅಲ್ದೆ ಕರಿಬೇವಿನಲ್ಲಿ ನಾವು ತಿನ್ನೋದೇ ಎಲೆ. ಹೊಡೆದದ್ದು ನೇರ ಒಗ್ಗರಣೆಗೆ ಬರುತ್ತೆ.

ನನ್ನ ಸಲಹೆ ಇಷ್ಟೇ. ಚಿಗುರು ಬರೋ ಕಾಲದಲ್ಲಿ ವಾರಕ್ಕೆರಡು ಸಲ ಬೆಳಿಗ್ಗೆ ಸುತ್ತಾಡಿ. ಕಚ್ಚಿದ ಎಲೆ ಅಂಚು, ಕೆಳಗೆ ಬಿದ್ದ ಕಪ್ಪು ಹಿಕ್ಕೆ ಕಂಡ ಕಡೆ ಹುಳ ಇರುತ್ತೆ. ಸಸಿಗಳಲ್ಲಿದ್ರೆ ಕೈಯಲ್ಲೇ ಆರಿಸಿ, ದೊಡ್ಡ ಮರದಲ್ಲಿದ್ರೆ ಬಿಟ್ಟುಬಿಡಿ. ಕೈಗೆ ಮೀರಿದ್ರೆ ಮಾತ್ರ ಶೇ. 5ರ ಬೇವಿನ ಬೀಜದ ಕಷಾಯ, ಇಲ್ಲವೇ ಲೇಬಲ್‌ನಲ್ಲಿ ಹೇಳಿದಷ್ಟು ಬಿಟಿ. ಅದನ್ನೂ ಹುಳ ಚಿಕ್ಕದಿದ್ದಾಗಲೇ, ಸಂಜೆ ಹೊತ್ತು ಹೊಡೀರಿ.

ಒಂದು ಎಚ್ಚರಿಕೆ: ನಮ್ಮದು ರೇಷ್ಮೆ ಸೀಮೆ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ರೆ ಇವೆರಡೂ ಬೇಡ. ರೇಷ್ಮೆ ಹುಳಕ್ಕೂ ಇವು ಅಪಾಯವೇ. ಅಂಥ ಕಡೆ ಕೈಯಲ್ಲಿ ಆರಿಸೋದೇ ಸರಿ.

ಇನ್ಮೇಲೆ ಗ್ರೂಪಿಗೆ ಫೋಟೋ ಹಾಕುವಾಗ ಗಿಡದ ವಯಸ್ಸು, ಹುಳದ ಲೆಕ್ಕ, ಪಕ್ಕದ ಬೆಳೆ ಮೂರನ್ನೂ ಬರೀರಿ. ಇವನ್ನ ಕೇಳದೆ ಬಾಟಲಿ ಹೆಸರು ಹೇಳೋರ ಮಾತು ಕೇಳಬೇಡಿ.